ಹಗ್ಗದ ಇನ್ನೊಂದು ತುದಿ

ಕಣಿವೆಗೆ ಬೆನ್ನು ಹಾಕಿ ಬಂಡೆಯ ಅಂಚಿನಲ್ಲಿ ನಿಂತಿದ್ದೆ. ಸೊಂಟಕ್ಕೆ ಬಿಗಿದ ಹಾರ್ನೆಸ್, ತಲೆಗೆ ಹೆಲ್ಮೆಟ್, ಬಲಗೈಯಲ್ಲಿ ಬೆರಳು ಗಾತ್ರದ ಹಗ್ಗ. ಕೆಳಗೆ ನೂರು ಅಡಿಯಷ್ಟು ಕಪ್ಪು ಕಲ್ಲು, ಅದರ ಬುಡದಲ್ಲಿ ಒಣಗಿದ ಹುಲ್ಲು. "ಹಿಂದಕ್ಕೆ ವಾಲಿ ಸರ್, ಕುರ್ಚಿಯ ಮೇಲೆ ಕೂತ ಹಾಗೆ" ಎಂದು ಹಿಂದಿ, ಮರಾಠಿ ಬೆರೆಸಿ ಹೇಳುತ್ತಿದ್ದ ಹುಡುಗನಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನಮ್ಮ ಟೀಮಿನ ಆರು ಜನ ಆಗಲೇ ಇಳಿದು, ಕೆಳಗಿನಿಂದ ನನ್ನ ಹೆಸರು ಕೂಗುತ್ತಿದ್ದರು. ಪ್ರಾಜೆಕ್ಟುಗಳಲ್ಲಿ ಏನೇನು ಕೆಡಬಹುದು ಎಂದು ಪಟ್ಟಿ ಮಾಡುವುದೇ ನನ್ನ ದಿನನಿತ್ಯದ ಕೆಲಸ. ಅವತ್ತು ಆ ಪಟ್ಟಿ ತಾನಾಗಿಯೇ ಬೆಳೆಯುತ್ತಿತ್ತು. ಮೊಣಕಾಲುಗಳು ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ.

ಇದು ನಡೆದದ್ದು ಪುಣೆ ಜಿಲ್ಲೆಯ ಭೋರ್ ತಾಲೂಕಿನಲ್ಲಿ, ವರಂಧ ಘಾಟಿಯ ಕಡೆಗೆ ಹೋಗುವ ದಾರಿಯ ಒಂದು ಬೆಟ್ಟದ ಮೇಲೆ. ನಾನು ಹೇಗೆ ಇಳಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಮನೆಗೆ ಬಂದ ಮೇಲೂ ನನ್ನನ್ನು ಬಿಡದೆ ಕಾಡಿದ ಪ್ರಶ್ನೆಯೊಂದಿದೆ. ಈ ಬಂಡೆಗಳನ್ನು ಮನುಷ್ಯರು ಹತ್ತಿ ಇಳಿಯಲು ತೊಡಗಿ ಎಷ್ಟೋ ಶತಮಾನಗಳಾಗಿವೆ. ಅದು ದುಡ್ಡು ಕೊಟ್ಟು ಆಡುವ ಆಟವಾದದ್ದು ಯಾವಾಗ? ಆಟವಾಗುವ ಮೊದಲು ಅದು ಏನಾಗಿತ್ತು?

ಕನ್ನಡಿಗರಿಗೆ ಭೋರ್ ಅಷ್ಟೇನೂ ದೂರದ ಊರಲ್ಲ. ಬೆಂಗಳೂರಿನಿಂದ ಹೊರಟು ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ ದಾಟಿ ಪುಣೆಗೆ ಬರುವ ಹೆದ್ದಾರಿಯಲ್ಲಿ, ಪುಣೆ ಇನ್ನೊಂದು ಗಂಟೆಯ ದಾರಿ ಇರುವಾಗ ಕಾಪೂರಹೋಳ್ ಎಂಬ ಊರು ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ನೀರಾ ನದಿಯ ದಂಡೆಯ ಮೇಲೆ ಭೋರ್. ನನ್ನಂಥವರು ಹಬ್ಬಕ್ಕೆಂದು ಊರಿಗೆ ಹೋಗುವಾಗ ನಿದ್ದೆಗಣ್ಣಿನಲ್ಲಿ ಹತ್ತಾರು ಸಲ ದಾಟಿದ ತಿರುವು ಅದು.

ಇತಿಹಾಸದಲ್ಲಿ ನಂಟು ಇನ್ನೂ ಹತ್ತಿರದ್ದು. 1689ರಲ್ಲಿ ಔರಂಗಜೇಬ ಸಂಭಾಜಿಯನ್ನು ಕೊಲ್ಲಿಸಿದ ಮೇಲೆ ಅವನ ತಮ್ಮ ರಾಜಾರಾಮ ರಾಯಗಡದಿಂದ ತಪ್ಪಿಸಿಕೊಂಡು ತಮಿಳುನಾಡಿನ ಜಿಂಜಿಗೆ ಹೋದ. ನಡುದಾರಿಯಲ್ಲಿ ಅವನಿಗೆ ಆಶ್ರಯ ಕೊಟ್ಟು ದಾಟಿಸಿದವಳು ಕೆಳದಿಯ ರಾಣಿ ಚೆನ್ನಮ್ಮ. ಆ ತಪ್ಪಿಗೆ ಮೊಘಲ್ ಸೈನ್ಯ ಅವಳ ಮೇಲೆ ಬಿತ್ತು, ಅವಳು ಅದನ್ನೂ ಎದುರಿಸಿ ನಿಂತಳು. ರಾಜಾರಾಮ ಜಿಂಜಿಯಲ್ಲಿದ್ದಾಗ ಇತ್ತ ಸಹ್ಯಾದ್ರಿಯ ಕೋಟೆಗಳನ್ನು ಒಂದೊಂದಾಗಿ ಮರಳಿ ಗೆಲ್ಲಲು ದುಡಿದವರಲ್ಲಿ ಶಂಕರಾಜಿ ನಾರಾಯಣ ಒಬ್ಬ. ಅವನಿಗೆ ಸಚಿವ ಪದವಿ ಸಿಕ್ಕಿತು, 1697ರ ಹೊತ್ತಿಗೆ ಭೋರ್ ಸಂಸ್ಥಾನ ಹುಟ್ಟಿತು. ಚೆನ್ನಮ್ಮ ಅಂದು ಬಾಗಿಲು ತೆರೆಯದೆ ಹೋಗಿದ್ದರೆ ಪಂತ ಸಚಿವರ ಭೋರ್ ಇರುತ್ತಿತ್ತೋ ಇಲ್ಲವೋ. ಬ್ರಿಟಿಷರ ಕಾಲದಲ್ಲಿ ಭೋರ್, ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು ಎಲ್ಲವೂ ದಖ್ಖನ್ ಸಂಸ್ಥಾನಗಳೆಂಬ ಒಂದೇ ಗುಂಪಿನಲ್ಲಿದ್ದವು. 1948ರ ಮಾರ್ಚ್ 8ರಂದು ಒಟ್ಟಿಗೇ ಮುಂಬಯಿ ಪ್ರಾಂತದಲ್ಲಿ ಸೇರಿಹೋದವು.

ಇನ್ನು ಬಂಡೆಯ ವಿಷಯ. ಚಿತ್ರದುರ್ಗ, ಸಾವನದುರ್ಗ, ರಾಮನಗರದ ಕಡೆಯ ಕಲ್ಲು ನೋಡಿ ಬೆಳೆದವರಿಗೆ ಭೋರಿನ ಕಲ್ಲು ಬೇರೆ ಜಾತಿಯದೆಂದು ಕಣ್ಣಿಗೇ ಗೊತ್ತಾಗುತ್ತದೆ. ನಮ್ಮ ಕಡೆಯದು ಇನ್ನೂರು ಕೋಟಿ ವರ್ಷಕ್ಕೂ ಹಳೆಯದಾದ, ಆನೆಯ ಬೆನ್ನಿನಂತೆ ದುಂಡಗಿನ ಗಟ್ಟಿ ಕಲ್ಲು. ಇಲ್ಲಿಯದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಲಾವಾ. ಒಂದು ಹರಿವು ತಣ್ಣಗಾದ ಮೇಲೆ ಅದರ ಮೇಲೆ ಇನ್ನೊಂದು, ಹೀಗೆ ದೋಸೆಯ ಮೇಲೆ ದೋಸೆ ಪೇರಿಸಿದಂತೆ ಪದರಗಳಾದವು. ಮೆತ್ತಗಿನ ಪದರ ಸವೆದು ಇಳಿಜಾರಾಗುತ್ತದೆ, ಗಟ್ಟಿ ಪದರ ನೆಟ್ಟಗೆ ಗೋಡೆಯಾಗಿ ನಿಲ್ಲುತ್ತದೆ. ಅದಕ್ಕೇ ಇಲ್ಲಿನ ಬೆಟ್ಟಗಳಿಗೆ ಮೆಟ್ಟಿಲಿನ ಆಕಾರ, ತುದಿಯಲ್ಲಿ ಮೇಜಿನಂಥ ಬಯಲು, ಸುತ್ತ ನೂರಾರು ಅಡಿಯ ಕಡಿದಾದ ಗೋಡೆ. ಕೋಟೆ ಕಟ್ಟುವವನಿಗೆ ಅರ್ಧ ಕೆಲಸವನ್ನು ಲಾವಾ ಮಾಡಿಟ್ಟಿತ್ತು. ರೋಹಿಡಾ, ರಾಯರೇಶ್ವರ, ಕೇಂಜಳಗಡ, ಸ್ವಲ್ಪ ಆಚೆ ರಾಜಗಡ, ತೋರಣಾ, ಎಲ್ಲವೂ ಹೀಗೆಯೇ.

ಗೋಡೆ ಇರುವಲ್ಲಿ ಅದನ್ನು ಹತ್ತುವವರೂ ಇರುತ್ತಾರೆ. ಈ ಭಾಗಕ್ಕೆ ಮಾವಳ ಎಂದು ಹೆಸರು. ಭೋರಿನ ಸುತ್ತಲಿನದು ಹಿರಡಸ ಮಾವಳ. ಶಿವಾಜಿಯ ಪಡೆಗೆ ಕಾಲಾಳುಗಳು ಬಂದದ್ದು ಬಹುಪಾಲು ಇಂಥ ಕಣಿವೆಗಳಿಂದ. 1660ರ ಜುಲೈಯಲ್ಲಿ ಬಿಜಾಪುರದ ಸೈನ್ಯ ಪನ್ಹಾಳಗಡವನ್ನು ಸುತ್ತುವರಿದಿದ್ದಾಗ ಸುರಿಯುವ ಮಳೆಯ ರಾತ್ರಿಯಲ್ಲಿ ಶಿವಾಜಿಯ ಜೊತೆ ಬೆಟ್ಟ ಇಳಿದು ಓಡಿದವರು ಈ ಕಡೆಯ ಬಾಂದಲರ ಜನ. ಅವರ ಮುಂದಾಳಾಗಿ ಕಣಿವೆಯಲ್ಲಿ ನಿಂತು ಸತ್ತ ಬಾಜಿಪ್ರಭು ದೇಶಪಾಂಡೆ ಭೋರಿನ ಹತ್ತಿರದ ಶಿಂದ್ ಊರಿನವನು.

ಹಗ್ಗದ ಕತೆಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಸಿಂಹಗಡದ್ದು. 1670ರ ಫೆಬ್ರವರಿ 4ರ ರಾತ್ರಿ ತಾನಾಜಿ ಮಾಲುಸರೆ ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಬಂಡೆಗೆ ಬಿಟ್ಟ, ಅದು ಮೇಲೇರಿ ಕಚ್ಚಿ ಹಿಡಿದುಕೊಂಡಿತು, ಸೈನಿಕರು ಹಗ್ಗ ಹಿಡಿದು ಹತ್ತಿದರು ಎಂದು ಲಾವಣಿ ಹೇಳುತ್ತದೆ. ಉಡದ ಹೆಸರು ಯಶವಂತಿ. ಮೊದಲ ಸಲ ಅದು ಹಿಂದಿರುಗಿ ಬಂದಾಗ ತಾನಾಜಿ ಬೆದರಿಸಿದನಂತೆ. ಸಭಾಸದ ಎಂಬವನು ಅದೇ ಶತಮಾನದ ಕೊನೆಯಲ್ಲಿ, ರಾಜಾರಾಮ ಇದ್ದ ಜಿಂಜಿಯಲ್ಲೇ ಕೂತು ಬರೆದ ಬಖರಿನಲ್ಲಿ ಉಡದ ಮಾತಿಲ್ಲ. ಆಯ್ದ ಗಟ್ಟಿಗರು ಕತ್ತಲಲ್ಲಿ ಕಡಿದಾದ ಬದಿಯನ್ನು ಬರಿಗೈಯಲ್ಲಿ ಹತ್ತಿ, ಆಮೇಲೆ ಉಳಿದವರನ್ನು ಮೇಲೆಳೆದುಕೊಂಡ ಕತೆ ಅದು.

ಉಡದ ಕತೆ ಸಿಂಹಗಡಕ್ಕಿಂತ ಹಳೆಯದು, ಅದರ ಒಂದು ಬೇರು ನಮ್ಮ ಕಡೆಯೇ ಇದೆ. ಮರಾಠಿಯಲ್ಲಿ ಉಡಕ್ಕೆ ಘೋರ್ಪಡ್ ಎನ್ನುತ್ತಾರೆ. ಬಾಗಲಕೋಟೆ ಜಿಲ್ಲೆಯ ಮುಧೋಳವನ್ನು ಆಳಿದ ಘೋರ್ಪಡೆ ಮನೆತನದ ಹೆಸರಿನ ಕತೆ ಕೇಳಿ ನೋಡಿ. 1470ರ ಆಸುಪಾಸಿನಲ್ಲಿ ಬಹಮನಿಯ ಮಹಮೂದ್ ಗವಾನ್ ಖೇಲ್ನಾ ಕೋಟೆಗೆ, ಅಂದರೆ ಇಂದಿನ ವಿಶಾಳಗಡಕ್ಕೆ, ಮುತ್ತಿಗೆ ಹಾಕಿದ್ದ. ಆಗ ಈ ಮನೆತನದ ಹಿರಿಯನೊಬ್ಬ ಉಡಕ್ಕೆ ಹಗ್ಗ ಕಟ್ಟಿ ಗೋಡೆ ಹತ್ತಿದ, ಅದಕ್ಕೆ ಮೆಚ್ಚಿ ಸುಲ್ತಾನ ಕೊಟ್ಟ ಬಿರುದೇ ಮನೆತನದ ಹೆಸರಾಯಿತು ಎಂಬುದು ಅಲ್ಲಿನ ಐತಿಹ್ಯ. ಕನ್ನಡದಲ್ಲೂ ಬಿಡದೆ ಹಿಡಿಯುವುದಕ್ಕೆ ಉಡದ ಪಟ್ಟು ಎನ್ನುತ್ತೇವೆ. ಆದರೆ ಲೆಕ್ಕ ಕೂಡುವುದಿಲ್ಲ. ನಮ್ಮ ದೊಡ್ಡ ಉಡವೂ ಆರೇಳು ಕಿಲೋ ತೂಗುವ ಪ್ರಾಣಿ, ಹತ್ತುವ ಮನುಷ್ಯ ಅದರ ಹತ್ತು ಪಟ್ಟು. ಬಹುಶಃ ಉಡದಂತೆ ಬಂಡೆಗೆ ಅಂಟಿ ಹತ್ತಬಲ್ಲ ಮನುಷ್ಯರಿದ್ದರು. ಆ ಮನುಷ್ಯರ ಹೆಸರು ಮರೆತುಹೋಗಿ ಉಡದ ಹೆಸರು ಉಳಿಯಿತು ಎಂದು ನನಗನ್ನಿಸುತ್ತದೆ. ಮೊದಲು ಹತ್ತಿ ಹಗ್ಗ ಕಟ್ಟಿದವನ ಹೆಸರು ಬಖರಿನಲ್ಲೂ ಇಲ್ಲ, ಲಾವಣಿಯಲ್ಲೂ ಇಲ್ಲ.

ಆ ರಾತ್ರಿಯ ಕತೆಯಲ್ಲಿ ಇನ್ನೊಂದು ಹಗ್ಗವಿದೆ. ತಾನಾಜಿ ಸತ್ತದ್ದನ್ನು ಕಂಡು ಸೈನಿಕರು ಹಗ್ಗದ ಕಡೆಗೆ ಓಡಿದಾಗ ಅವನ ತಮ್ಮ ಸೂರ್ಯಾಜಿ ಹಗ್ಗ ಕಡಿದುಬಿಟ್ಟನಂತೆ. ಇಳಿಯುವ ದಾರಿಯೇ ಇಲ್ಲವಾದ ಮೇಲೆ ಅವರು ತಿರುಗಿ ಹೋರಾಡಿ ಕೋಟೆ ಗೆದ್ದರು. ಯುದ್ಧದಲ್ಲಿ ಹಗ್ಗ ಇದ್ದದ್ದು ಮೇಲೆ ಹತ್ತಿಸಲಿಕ್ಕೆ. ಹತ್ತಿದವನು ಕ್ಷೇಮವಾಗಿ ಇಳಿಯಬೇಕು ಎಂಬುದು ಅದನ್ನು ಕಟ್ಟಿದವರ ಚಿಂತೆಯಾಗಿರಲಿಲ್ಲ.

ಹಗ್ಗವೇ ಇಲ್ಲದೆ ಇಳಿದವರ ಕತೆಯೂ ಇಲ್ಲೇ ಇದೆ. ಭೋರಿನಿಂದ ವರಂಧ ಘಾಟಿ ಇಳಿದರೆ ಮಹಾಡ್, ಅದರ ಮೇಲ್ಗಡೆ ರಾಯಗಡ. ಕೋಟೆಗೆ ಹಾಲು ಮಾರಲು ಹೋದ ಹಿರಕಣಿ ಎಂಬ ಹೆಂಗಸು ಹೊತ್ತು ಮುಳುಗುವುದರೊಳಗೆ ಹೊರಗೆ ಬರಲಾಗಲಿಲ್ಲ. ಬಾಗಿಲು ಮುಚ್ಚಿತ್ತು, ಮನೆಯಲ್ಲಿ ಹಸುಗೂಸು. ಅವಳು ಕತ್ತಲಲ್ಲಿ ಬಂಡೆ ಇಳಿದು ಮನೆ ಸೇರಿದಳು. ಶಿವಾಜಿ ಅವಳನ್ನು ಗೌರವಿಸಿ, ಅವಳು ಇಳಿದ ಜಾಗದಲ್ಲೇ ಬುರುಜು ಕಟ್ಟಿಸಿದ ಎನ್ನುತ್ತಾರೆ. ಹಿರಕಣಿ ಬುರುಜು ಈಗಲೂ ಇದೆ. ಈ ಕತೆಯನ್ನು ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ನಮ್ಮ ಓಬವ್ವ. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ, ಗಂಡ ಊಟಕ್ಕೆ ಕೂತಿದ್ದಾಗ ನೀರು ತರಲು ಹೋದವಳು ಬಂಡೆಯ ಕಿಂಡಿಯಲ್ಲಿ ಶತ್ರುಗಳು ನುಸುಳುವುದನ್ನು ಕಂಡು ಒನಕೆ ಹಿಡಿದಳು. ರಾಯಗಡದಲ್ಲಿ ಬಂಡೆಯ ದುರ್ಬಲ ಜಾಗ ಗೊತ್ತಾದದ್ದು ಹಾಲಿನವಳಿಂದ, ದುರ್ಗದಲ್ಲಿ ಕಾವಲುಗಾರನ ಹೆಂಡತಿಯಿಂದ. ಮೊದಲನೆಯದನ್ನು ರಾಜ ಕೂಡಲೇ ಮುಚ್ಚಿಸಿದ. ಎರಡನೆಯದು ಓಬವ್ವನ ಕಿಂಡಿ ಎಂದೇ ಉಳಿಯಿತು. ಇಬ್ಬರೂ ಬಂಡೆಯ ಹತ್ತಿರ ಹೋದದ್ದು ಸಾಹಸಕ್ಕಲ್ಲ. ಒಬ್ಬಳು ಹಾಲು ಹೊತ್ತು ಹೋದವಳು, ಇನ್ನೊಬ್ಬಳು ನೀರಿಗೆ ಹೋದವಳು.

ಹಾಗಾದರೆ ಇದು ಆಟವಾದದ್ದು ಎಲ್ಲಿ? ಅದಕ್ಕೆ ಫ್ರಾನ್ಸಿನ ಶಾಮೊನಿ ಕಣಿವೆಗೆ ಹೋಗಬೇಕು. ಅಲ್ಲಿಯೂ ಮೊದಲು ಬೆಟ್ಟ ಹತ್ತುತ್ತಿದ್ದವರು ಬೇಟೆಗಾರರು, ಮಾರಲಿಕ್ಕೆ ಸ್ಫಟಿಕ ಹುಡುಕುತ್ತಿದ್ದ ಬಡ ರೈತರು. ಸೊಸ್ಯೂರ್ ಎಂಬ ಜಿನೀವಾದ ವಿಜ್ಞಾನಿ ಮೊಂ ಬ್ಲಾಂ ಶಿಖರಕ್ಕೆ ದಾರಿ ಕಂಡುಹಿಡಿದವರಿಗೆ ಬಹುಮಾನ ಸಾರಿದ. 1786ರ ಆಗಸ್ಟ್ 8ರಂದು ಅದರ ತುದಿ ಮುಟ್ಟಿದವರಲ್ಲಿ ಒಬ್ಬ ಡಾಕ್ಟರ್ ಪಕ್ಕಾರ್, ಇನ್ನೊಬ್ಬ ಸ್ಫಟಿಕ ಹುಡುಕುವ ಬಾಲ್ಮಾ. 1821ರಲ್ಲಿ ಅಲ್ಲಿನ ಊರವರೇ ಸೇರಿ ಗೈಡುಗಳ ಸಂಘ ಕಟ್ಟಿದರು. ಪಟ್ಟಣದ ಶ್ರೀಮಂತರು ಬಂದು ಹತ್ತುವುದು, ಹಳ್ಳಿಯವನು ಕೂಲಿಗೆ ಹಗ್ಗ ಹಿಡಿಯುವುದು ಎಂಬ ಏರ್ಪಾಡು ಅಲ್ಲಿಂದ ಗಟ್ಟಿಯಾಯಿತು.

ನಾನು ಅವತ್ತು ಮಾಡಬೇಕಿದ್ದ ರ‍್ಯಾಪೆಲಿಂಗ್ ಕೂಡ ಅದೇ ಕಣಿವೆಯ ಗೈಡೊಬ್ಬನ ಕೊಡುಗೆ. 1876ರಲ್ಲಿ ಜ್ಯಾಂ ಶಾರ್ಲೆ ಎಂಬವನು ಪೆಟಿ ಡ್ರು ಎಂಬ ಸೂಜಿಯಂಥ ಶಿಖರವನ್ನು ಹತ್ತಲು ಹೊರಟ. ಅಂಥ ಕಲ್ಲನ್ನು ಇಳಿಯಲು ಅವನು ರೂಢಿಸಿಕೊಂಡ ಉಪಾಯ ಸರಳ. ಹಗ್ಗವನ್ನು ಎರಡು ಮಡಿಕೆ ಮಾಡಿ ಕಲ್ಲಿಗೆ ಸುತ್ತಿ ಇಳಿಯುವುದು, ಕೆಳಗೆ ಮುಟ್ಟಿದ ಮೇಲೆ ಒಂದು ತುದಿ ಎಳೆದು ಹಗ್ಗವನ್ನೂ ಇಳಿಸಿಕೊಳ್ಳುವುದು. ಫ್ರೆಂಚಿನಲ್ಲಿ ರ‍್ಯಾಪೆಲ್ ಎಂದರೆ ವಾಪಸು ಕರೆಯುವುದು. ಹಗ್ಗ ವಾಪಸು ಬರುವ ಹಾಗೆ ಇಳಿಯುವ ವಿದ್ಯೆಗೆ ಆ ಹೆಸರು.

ಆದರೆ ಆಗಿನ ಹಗ್ಗ ನಾರಿನದು. 1865ರ ಜುಲೈ 14ರಂದು ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಸಲ ಹತ್ತಿದ ಏಳು ಜನ ಇಳಿಯುವಾಗ ಒಬ್ಬ ಜಾರಿದ, ಅವನ ಹಿಂದೆ ಮೂವರು ಬಿದ್ದರು, ನಡುವೆ ಹಗ್ಗ ತುಂಡಾಯಿತು, ನಾಲ್ಕು ಜನ ಸತ್ತರು. ಉಳಿದ ಮೂವರಲ್ಲಿ ಹಗ್ಗದ ಇತ್ತಲಿನ ತುದಿಯಲ್ಲಿದ್ದವನು ಹಳ್ಳಿಯ ಗೈಡ್ ಹಿರಿಯ ಟೌಗ್‌ವಾಲ್ಡರ್. ಅವನೇ ತನ್ನ ಜೀವ ಉಳಿಸಿಕೊಳ್ಳಲು ಹಗ್ಗ ಕತ್ತರಿಸಿದ ಎಂಬ ಗುಮಾನಿ ಎದ್ದಿತು. ವಿಚಾರಣೆಯಲ್ಲಿ ತಪ್ಪಿಲ್ಲವೆಂದು ಬಂದರೂ ಆ ಮಾತು ಅವನನ್ನು ಬಿಡಲಿಲ್ಲ. ಆ ಹಗ್ಗದ ತುಂಡು ಇಂದಿಗೂ ಜೆರ್ಮಾಟ್ ಊರಿನ ಮ್ಯೂಸಿಯಮ್ಮಿನಲ್ಲಿದೆ. ಸೂರ್ಯಾಜಿ ಹಗ್ಗ ಕಡಿದ ಎಂದು ಇಲ್ಲಿ ಹಾಡು ಕಟ್ಟಿದರು, ಅಲ್ಲಿ ಬಡ ಗೈಡ್ ಕಡಿದಿರಬಹುದು ಎಂದು ಅನುಮಾನಿಸಿದರು.

ಇಂದಿನ ಹಗ್ಗ ಬೇರೆ. 1935ರಲ್ಲಿ ನೈಲಾನ್ ಬಂತು. 1953ರಲ್ಲಿ ಜರ್ಮನಿಯ ಎಡೆಲ್‌ರಿಡ್ ಕಂಪನಿ ಒಳಗೆ ಎಳೆಗಳ ತಿರುಳು, ಹೊರಗೆ ನೇಯ್ದ ಹೊದಿಕೆ ಇರುವ ಹಗ್ಗ ತಂದಿತು. ಇಳಿಯುವ ಹಗ್ಗಕ್ಕೆ ಯುರೋಪಿನ ಮಾನದಂಡ ಕನಿಷ್ಠ 22 ಕಿಲೋನ್ಯೂಟನ್, ಅಂದರೆ ಸುಮಾರು ಎರಡು ಟನ್ನಿಗೂ ಹೆಚ್ಚು ಭಾರ ತಡೆಯಬೇಕು. ಇಳಿಯುವವನ ಸೊಂಟದಲ್ಲಿ ಎಂಟರ ಆಕಾರದ ಲೋಹದ ತುಂಡು. ಹಗ್ಗ ಅದನ್ನು ಬಳಸಿ ಬರುವಾಗ ಆಗುವ ತಿಕ್ಕಾಟವೇ ಬ್ರೇಕು. ಸುತ್ತು ಹೆಚ್ಚಿದಂತೆ ಹಿಡಿತ ಹೇಗೆ ಪಟ್ಟು ಪಟ್ಟಾಗಿ ಹೆಚ್ಚುತ್ತದೆ ಎಂಬ ಸೂತ್ರವನ್ನು 18ನೇ ಶತಮಾನದಲ್ಲಿ ಆಯ್ಲರ್ ಬರೆದ, ಇಂಜಿನಿಯರಿಂಗಿನಲ್ಲಿ ನಾನೂ ಓದಿದ್ದೆ. ರೈತರಿಗೆ ಇದು ಸೂತ್ರವಿಲ್ಲದೆಯೇ ಗೊತ್ತು. ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ತುದಿ ಹಿಡಿದರೆ ಎಂಥ ಹೋರಿಯೂ ನಿಲ್ಲುತ್ತದೆ.

ಇಷ್ಟೆಲ್ಲ ಇದ್ದರೂ ಅಲ್ಲಿ ಇನ್ನೊಂದು ಹಗ್ಗವಿತ್ತು. ಅದು ನನ್ನ ಹಾರ್ನೆಸ್ಸಿನಿಂದ ಹೊರಟು ಹಿಂದೆ ಕಲ್ಲಿಗೆ ಬೆನ್ನು ಕೊಟ್ಟು ಕೂತ ಇನ್ನೊಬ್ಬ ಹುಡುಗನ ಕೈಗೆ ಹೋಗುತ್ತಿತ್ತು. ನನ್ನ ಕೈ ತಪ್ಪಿದರೆ ಅವನು ಹಿಡಿಯುತ್ತಾನೆ. ತಾನಾಜಿಯ ಜನರಿಗೂ ಹಿರಕಣಿಗೂ ಇಲ್ಲದಿದ್ದದ್ದು ಈ ಎರಡನೆಯ ಹಗ್ಗ. ಬಂಡೆ ಅದೇ, ಬಿದ್ದರೆ ಸಾವೂ ಅದೇ. ಇಳಿಯುವವನು ಬದುಕಿ ಮನೆಗೆ ಹೋಗಲಿ ಎಂದು ಇನ್ನೊಬ್ಬ ಕಾದು ಕೂತಾಗ ಮಾತ್ರ ಇದು ಆಟವಾಗುತ್ತದೆ.

ಕೊನೆಗೆ ನಾನು ವಾಲಿದೆ. ಧೈರ್ಯದಿಂದಲ್ಲ, ನಿಂತೇ ಇರುವ ನಾಚಿಕೆಯಿಂದ. ಮೊದಲ ಹತ್ತು ಅಡಿ ಕಣ್ಣು ಮುಚ್ಚಿಕೊಂಡಿದ್ದೆ. ನಡುವೆ ಎಡಗಾಲು ಜಾರಿ ಭುಜ ಬಂಡೆಗೆ ಬಡಿಯಿತು. ಆಗ ಎರಡನೆಯ ಹಗ್ಗ ಒಂದು ಕ್ಷಣ ಬಿಗಿಯಾಗಿ, ನಾನು ಕಾಲು ಊರಿದ ಮೇಲೆ ಮತ್ತೆ ಸಡಿಲವಾಯಿತು. ಮೇಲಿದ್ದವನಿಗೆ ನಾನು ಕಾಣಿಸುತ್ತಿರಲಿಲ್ಲ, ನನಗೆ ಅವನೂ ಕಾಣಿಸುತ್ತಿರಲಿಲ್ಲ. ಕೆಳಗೆ ಕಾಲು ನೆಲ ಮುಟ್ಟಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು. ಫೋಟೋದಲ್ಲಿ ಹಗ್ಗ ಮೇಲಕ್ಕೆ ಹೋಗಿ ಅಂಚಿನಲ್ಲಿ ಮಾಯವಾಗುತ್ತದೆ.

ಮಧ್ಯಾಹ್ನ ಭಾಕರಿ, ಪಿಠಲೆ ತಿನ್ನುವಾಗ ಆ ಹುಡುಗನ ಪಕ್ಕ ಕೂತೆ. ಹತ್ತಿರದ ಹಳ್ಳಿಯವನು. ಅಪ್ಪ ಮುಂಬಯಿಯಲ್ಲಿ ಹಮಾಲಿ ಮಾಡಿ ಬೆನ್ನು ಹೋದ ಮೇಲೆ ಊರಿಗೆ ಬಂದವನು. ಅಜ್ಜಿ ಚಿಕ್ಕವಳಿದ್ದಾಗ ಇದೇ ಸಾಲಿನ ಕೊರಕಲು ದಾರಿಯಲ್ಲಿ ಕೊಂಕಣಕ್ಕೆ ಇಳಿದು ಉಪ್ಪು, ಒಣಮೀನು ತಲೆಯ ಮೇಲೆ ಹೊತ್ತು ತರುತ್ತಿದ್ದಳಂತೆ. "ನಾನು ಮಾಡೋ ಕೆಲಸ ಹೇಳಿದರೆ ಅಜ್ಜಿ ನಗ್ತಾಳೆ ಸರ್. ಬೆಟ್ಟ ಇಳಿಯೋಕೆ ಜನ ದುಡ್ಡು ಕೊಡ್ತಾರಾ ಅಂತ ಕೇಳ್ತಾಳೆ" ಎಂದ. ನಾವಿಬ್ಬರೂ ನಕ್ಕೆವು. ಆದರೆ ನನಗೆ ಉತ್ತರ ಹೊಳೆಯಲಿಲ್ಲ. ಅವನ ಅಪ್ಪನೂ ನಾನೂ ಊರು ಬಿಟ್ಟು ಪಟ್ಟಣ ಸೇರಿದವರೇ. ನಮ್ಮಂಥವರು ಶನಿವಾರ, ಭಾನುವಾರ ಬೆಟ್ಟಕ್ಕೆ ಬರುವುದರಿಂದಲೇ ಅವನು ಅಪ್ಪನ ದಾರಿ ಹಿಡಿಯದೆ ಊರಲ್ಲಿ ಉಳಿದಿದ್ದಾನೆ ಎಂಬುದೊಂದೇ ಸಮಾಧಾನ.

ಮರುದಿನ ಬೆಳಿಗ್ಗೆ ರಾಯರೇಶ್ವರಕ್ಕೆ ಹೋದೆವು. 1645ರಲ್ಲಿ ಹದಿನೈದರ ಹುಡುಗ ಶಿವಾಜಿ ಗೆಳೆಯರ ಜೊತೆ ಸ್ವರಾಜ್ಯದ ಪ್ರತಿಜ್ಞೆ ಮಾಡಿದ್ದು ಇಲ್ಲಿನ ಶಿವನ ಗುಡಿಯಲ್ಲಿ ಎಂದು ಪರಂಪರೆ. ಕೊನೆಯ ಬಂಡೆಯನ್ನು ಹತ್ತಲು ಕಬ್ಬಿಣದ ಏಣಿಗಳಿವೆ. ಹತ್ತಿದರೆ ಮೇಲೆ ವಿಶಾಲವಾದ ಬಯಲು, ಹೊಲ, ಒಂದಿಷ್ಟು ಮನೆಗಳು. ಅಲ್ಲಿ ವಾಸವಾಗಿರುವ ಕುಟುಂಬಗಳು ಜಂಗಮರು. ತಲೆಮಾರುಗಳಿಂದ ದೇವರ ಪೂಜೆ ಅವರದು. ಜಂಗಮ ಎಂಬ ಪದ ಕಿವಿಗೆ ಬಿದ್ದಾಗ ಕನ್ನಡದವನಿಗೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಕಲ್ಯಾಣದ ಶರಣರು ಅಷ್ಟು ಬೆಲೆ ಕೊಟ್ಟ ಪದ, ಚಲಿಸುವವನು ಎಂದು ಅರ್ಥ. ಇಲ್ಲಿ ಅದನ್ನು ಹೆಸರಲ್ಲಿ ಇಟ್ಟುಕೊಂಡವರು ಬೆಟ್ಟದ ತುದಿಯನ್ನು ಬಿಟ್ಟು ಕದಲದೆ ಕೂತಿದ್ದಾರೆ, ಸಂತೆಗೂ ಆಸ್ಪತ್ರೆಗೂ ಅದೇ ಏಣಿ ಇಳಿಯುತ್ತಾರೆ.

ನಾವು ಇಳಿಯುವಾಗ ಏಣಿಯ ಬುಡದಲ್ಲಿ ನಿಲ್ಲಬೇಕಾಯಿತು. ನಡುವಯಸ್ಸಿನ ಒಬ್ಬರು ತಲೆಯ ಮೇಲೆ ಅಕ್ಕಿಯ ಚೀಲ ಇಟ್ಟುಕೊಂಡು, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕಬ್ಬಿಣದ ಸರಳು ಹಿಡಿದು ಹತ್ತಿ ಹೋದರು. ಕಾಲಿಗೆ ರಬ್ಬರಿನ ಚಪ್ಪಲಿ. ನಮ್ಮಲ್ಲಿ ಒಬ್ಬ ಹುಡುಗ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಲು ಕೈ ಎತ್ತಿದವನು, ಯಾಕೋ ತಟ್ಟದೆ ಇಳಿಸಿಕೊಂಡ. ಅವರು ಮೇಲೆ ಮುಟ್ಟುವವರೆಗೆ ನಾವೆಲ್ಲ ಬದಿಗೆ ಸರಿದು ನಿಂತಿದ್ದೆವು.